ಊರಬಾಗಿಲಲ್ಲಿ ಕೂಗುವವಳು

ಹೀಬ್ರೂ ಬೈಬಲಿನ ಜ್ಞಾನೋಕ್ತಿಗಳ ಪುಸ್ತಕದಲ್ಲಿ ಜ್ಞಾನ ಒಬ್ಬ ಹೆಂಗಸು. ಅದರಲ್ಲೇನು ಹೊಸತು, ನಮಗೆ ಸರಸ್ವತಿ ಇಲ್ಲವೇ ಎನ್ನಬಹುದು. ಆದರೆ ಸರಸ್ವತಿಯ ಮುಂದೆ ನಾವು ಮಿಂದು ಮಡಿಯಲ್ಲಿ ಹೋಗಿ ಕೂರಬೇಕು. ಇವಳೋ ತಾನೇ ಬೀದಿಗಿಳಿಯುತ್ತಾಳೆ. ದಾರಿಗಳು ಕೂಡುವ ಕಡೆ, ಊರಬಾಗಿಲ ಬಳಿ, ಗದ್ದಲ ಹೆಚ್ಚಿರುವಲ್ಲೇ ನಿಂತು ಗಂಟಲೆತ್ತಿ ಕೂಗುತ್ತಾಳೆ. ದಡ್ಡತನವನ್ನೇ ಮುದ್ದು ಮಾಡಿಕೊಂಡು ಇನ್ನೆಷ್ಟು ದಿನ ಇರುತ್ತೀರಿ ಎಂದು ಹೋಗಿಬರುವವರನ್ನು ಗದರಿಸುತ್ತಾಳೆ.

ಈ ದನಿಯ ಸೊಗಸು ತಿಳಿಯಬೇಕಾದರೆ ಸಂತೆಮರಹಳ್ಳಿಯಂಥ ಊರಿನ ಪರಿಚಯವಿರಬೇಕು. ಚಾಮರಾಜನಗರ, ಕೊಳ್ಳೇಗಾಲ, ಮೈಸೂರು ಕಡೆಯ ದಾರಿಗಳು ಸೇರುವ ಊರು, ರೇಷ್ಮೆಗೂಡು ಹರಾಜಾಗುವ ಊರು. ಇಂಥಲ್ಲಿ ಸೊಪ್ಪು ಮಾರುವಾಕೆ ಮೆಲುದನಿಯವಳಾದರೆ ಸೊಪ್ಪು ಬುಟ್ಟಿಯಲ್ಲೇ ಬಾಡೀತು. ಗಿರಾಕಿಯನ್ನು ಕರೆಯಬೇಕು, ರೇಗಿಸಬೇಕು, ಚೌಕಾಸಿ ಅತಿಯಾದರೆ ನಾಲ್ಕು ಮಾತು ಅನ್ನಲೂಬೇಕು. ಜ್ಞಾನೋಕ್ತಿಗಳ ಹೆಂಗಸಿಗೂ ಅದೇ ವರಸೆ. ಇದಕ್ಕೆ ಎದುರಾಗಿ, ಅದೇ ಬೈಬಲಿನ ಯೋಬನ ಪುಸ್ತಕದ 28ನೆಯ ಅಧ್ಯಾಯದಲ್ಲಿ ಮನುಷ್ಯ ಗಣಿ ತೋಡಿ ಬೆಳ್ಳಿ ಬಂಗಾರ ತೆಗೆಯುತ್ತಾನೆ, ಜ್ಞಾನ ಮಾತ್ರ ಆಕಾಶದ ಹಕ್ಕಿಗಳ ಕಣ್ಣಿಗೂ ಬೀಳುವುದಿಲ್ಲ, ಓಫೀರಿನ ಚಿನ್ನಕ್ಕೂ ದಕ್ಕುವುದಿಲ್ಲ. ಅದೂ ಒಳ್ಳೆಯ ಕವಿತೆಯೇ. ಆದರೂ ನನ್ನ ಮನಸ್ಸು ವಾಲುವುದು ಬೀದಿಯವಳ ಕಡೆಗೆ.

ಜ್ಞಾನೋಕ್ತಿಗಳ 8ನೆಯ ಅಧ್ಯಾಯದಲ್ಲಿ ಅವಳು ಇದ್ದಕ್ಕಿದ್ದಂತೆ ತನ್ನ ಹುಟ್ಟಿನ ಕಥೆ ತೆಗೆಯುತ್ತಾಳೆ. ಬೆಟ್ಟಗಳು ನೆಲೆಗೊಳ್ಳುವ ಮುಂಚೆ, ಬುಗ್ಗೆಗಳು ಉಕ್ಕುವ ಮುಂಚೆ ತಾನಿದ್ದೆ. ಸೃಷ್ಟಿಕರ್ತ ಸಾಗರದ ಮೇಲೆ ವೃತ್ತ ಎಳೆಯುವಾಗ ಪಕ್ಕದಲ್ಲಿದ್ದೆ ಎನ್ನುತ್ತಾಳೆ. ಇದ್ದು ಏನು ಮಾಡುತ್ತಿದ್ದಳು? ಆಡುತ್ತಿದ್ದಳು. ಹೊಸದಾಗಿ ಹುಟ್ಟಿದ ಲೋಕವನ್ನು ಕಂಡು, ಅದರಲ್ಲಿನ ಮನುಷ್ಯರನ್ನು ಕಂಡು ಹಿಗ್ಗುತ್ತಿದ್ದಳು. ಈಗತಾನೇ ಬೀದಿಯಲ್ಲಿ ಬೈದವಳ ಬಾಯಲ್ಲಿ ಈ ಮಾತು ಬರುವುದರಿಂದ ಅದಕ್ಕೆ ಇಮ್ಮಡಿ ರುಚಿ. ಬೈಗುಳದ ಅಡಿಯಲ್ಲಿ ಇಷ್ಟು ಅಕ್ಕರೆ ಇತ್ತೇ ಎನಿಸುತ್ತದೆ.

9ನೆಯ ಅಧ್ಯಾಯ ಇನ್ನೂ ಜಾಣತನದ್ದು. ಜ್ಞಾನ ಏಳು ಕಂಬದ ಮನೆ ಕಟ್ಟಿಸಿ, ಮಾಂಸದಡುಗೆಗೆ ಅಣಿಮಾಡಿ, ದ್ರಾಕ್ಷಾರಸ ಬೆರೆಸಿ, ಆಳುಹೆಣ್ಣುಗಳನ್ನು ಕಳಿಸಿ ಊರಿಗೆಲ್ಲ ಊಟಕ್ಕೆ ಹೇಳುತ್ತಾಳೆ. ಅದೇ ಊರಲ್ಲಿ ಅವಳಿಗೊಬ್ಬ ಎದುರಾಳಿ, ಮೂಢತನವೆಂಬ ಹೆಂಗಸು. ಇವಳು ಕರೆಯುವ ಮಾತೂ ಅಕ್ಷರಶಃ ಅದೇ: ಬುದ್ಧಿ ಸಾಲದವರು ಇತ್ತ ಬನ್ನಿ. ಆದರೆ ಇವಳ ಒಲೆ ಹೊತ್ತಿಲ್ಲ. ಬಾಗಿಲಲ್ಲಿ ಪೀಠ ಹಾಕಿ ಕೂತಿದ್ದಾಳೆ ಅಷ್ಟೆ. ಬಡಿಸುವುದು ಕದ್ದ ನೀರು, ಮರೆಯಲ್ಲಿ ತಿನ್ನುವ ರೊಟ್ಟಿ. ಇಬ್ಬರ ಕೂಗಿನಲ್ಲಿ ವ್ಯತ್ಯಾಸವಿಡದೆ ಅಡುಗೆಮನೆಯಲ್ಲಿ ಇಟ್ಟ ಕವಿಯ ಚಾತುರ್ಯಕ್ಕೆ ತಲೆದೂಗಬೇಕು.

ಪುಸ್ತಕ ಮುಗಿಯುವುದೂ ಹೆಂಗಸಿನಿಂದಲೇ. ಹೀಬ್ರೂ ಅಕ್ಷರಮಾಲೆಯ ಕ್ರಮದಲ್ಲಿ ಪೋಣಿಸಿದ 22 ಪದ್ಯಗಳಲ್ಲಿ ಒಬ್ಬ ಗಟ್ಟಿಗಿತ್ತಿ ಗೃಹಿಣಿ ಬೆಳಗಿನ ಜಾವಕ್ಕೆ ಮುಂಚೆ ಏಳುತ್ತಾಳೆ, ನೂಲುತ್ತಾಳೆ, ಹೊಲ ಕೊಳ್ಳುತ್ತಾಳೆ, ನೆಯ್ದ ಬಟ್ಟೆಯನ್ನು ವ್ಯಾಪಾರಿಗಳಿಗೆ ಮಾರುತ್ತಾಳೆ. ಗಂಡ ಊರಬಾಗಿಲಲ್ಲಿ ಹಿರಿಯರ ಜೊತೆ ಕೂತಿರುತ್ತಾನೆ. ಈ ಏರ್ಪಾಡು ನಮಗೆ ಹೊಸದಲ್ಲ, ಬಿಡಿ.

ಇಂಥ ಗೃಹಿಣಿಯ ಬಗ್ಗೆ ನಮ್ಮಲ್ಲೂ ಬರೆದವಳಿದ್ದಾಳೆ. ಸಂತೆಮರಹಳ್ಳಿಯಿಂದ ಕೊಳ್ಳೇಗಾಲದ ಬಸ್ಸು ಹತ್ತಿದರೆ ಸಿಗುವುದು ಯಳಂದೂರು, ಸಂಚಿ ಹೊನ್ನಮ್ಮನ ಊರು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಅಡಿಕೆಯ ಸಂಚಿ ಹಿಡಿಯುತ್ತಿದ್ದವಳು, ಸಾಂಗತ್ಯ ಛಂದಸ್ಸಿನಲ್ಲಿ ‘ಹದಿಬದೆಯ ಧರ್ಮ’ ಬರೆದಳು. ಗುರು ಅಳಸಿಂಗರಾರ್ಯ ಅವಳನ್ನು ಸಾಹಿತ್ಯದ ದೇವತೆಯೆಂದೇ ಕೊಂಡಾಡಿದ. ಜ್ಞಾನೋಕ್ತಿಗಳಲ್ಲಿ ಗುಣವೊಂದು ಹೆಣ್ಣಾಯಿತು, ಇಲ್ಲಿ ಊಳಿಗದ ಹೆಣ್ಣೊಬ್ಬಳು ದೇವತೆಯಾದಳು.

ಅವಳ ಕಾವ್ಯವೂ ಒಳ್ಳೆಯ ಹೆಂಡತಿ ಹೇಗಿರಬೇಕೆಂದೇ ಹೇಳುವಂಥದು. ಆ ಉಪದೇಶ ಇಂದು ಅಲ್ಲಲ್ಲಿ ಗಂಟಲಲ್ಲಿ ಸಿಕ್ಕುತ್ತದೆ, ಮುಚ್ಚುಮರೆಯೇಕೆ. ಆದರೆ ನಡುವೆ ಅವಳು ತಟ್ಟನೆ ತಿರುಗಿ ನಿಲ್ಲುತ್ತಾಳೆ. ಹೆಣ್ಣೆಂದು ಹೀಗಳೆಯುವವರೇ, ನಿಮ್ಮನ್ನು ಹೆತ್ತು ಸಾಕಿದವಳು ಯಾರು ಎಂದು ಕೇಳುತ್ತಾಳೆ. ಊರಬಾಗಿಲ ಜ್ಞಾನದ ಗದರಿಕೆಯೇ ಇದು. ಜ್ಞಾನೋಕ್ತಿಗಳಲ್ಲಿ ಆ ಗದರಿಕೆಯನ್ನು ಮಗನಿಗೆ ಬುದ್ಧಿ ಹೇಳುವ ಅಪ್ಪ ಅವಳ ಬಾಯಿಗೆ ಇಟ್ಟಿದ್ದಾನೆ. ಯಳಂದೂರಿನವಳು ತಾನೇ ಬರೆದಳು.