ಪಿಜ್: ಹಳ್ಳಿಯ ಫಿರ್ಯಾದು ಕೇಳಿದ ಟಿವಿ

ಬೆಂಗಳೂರಿನಲ್ಲಿ ದೂರದರ್ಶನ ಶುರುವಾಗುವ ಆರು ವರ್ಷ ಮೊದಲೇ ಗುಲ್ಬರ್ಗ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗರು ಟಿವಿ ನೋಡಿದ್ದರು. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ, ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ 2400 ಹಳ್ಳಿಗಳಿಗೆ ಕಾರ್ಯಕ್ರಮ ತಲುಪಿಸಿದ ‘ಸೈಟ್’ ಪ್ರಯೋಗ ಅದು. ಅದರ ಜೊತೆಯಲ್ಲೇ ಹುಟ್ಟಿ, ಅದಕ್ಕಿಂತ ಬಹಳ ಕಾಲ ಬಾಳಿದ ಇನ್ನೊಂದು ಪ್ರಯೋಗವನ್ನು ನಾವು ಮರೆತಿದ್ದೇವೆ. ಗುಜರಾತಿನ ಖೇಡಾ ಜಿಲ್ಲೆಯ ಪಿಜ್ ಹಳ್ಳಿಯ ಟಿವಿ ಕೇಂದ್ರ ಅದು. ಭಾರತದ ಟಿವಿ ಚರಿತ್ರೆಯಲ್ಲಿ ನೋಡುಗರ ಮಾತಿಗೆ ಕಿವಿಗೊಟ್ಟ ಕೇಂದ್ರ ಯಾವುದೆಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವ ಹೆಸರು ಪಿಜ್.

ಅಲ್ಲಿದ್ದದ್ದು ಒಂದು ಕಿಲೋವ್ಯಾಟ್‌ನ ಟ್ರಾನ್ಸ್‌ಮಿಟರ್. ಕಾರ್ಯಕ್ರಮಗಳನ್ನು ಮಾಡುತ್ತಿದ್ದವರು ಅಹಮದಾಬಾದಿನಲ್ಲಿ ಇಸ್ರೊದ ಬಾಹ್ಯಾಕಾಶ ಉಪಯೋಗ ಕೇಂದ್ರದವರು. ಭೌತವಿಜ್ಞಾನಿ ಯಶಪಾಲ್ ಆಗ ಅದರ ನಿರ್ದೇಶಕರು. ಸುಮಾರು 400 ಹಳ್ಳಿಗಳಿಗೆ ಆರುನೂರಕ್ಕೂ ಹೆಚ್ಚು ಸಮುದಾಯ ಟಿವಿ ಸೆಟ್‌ಗಳನ್ನು ಕೊಟ್ಟಿದ್ದರು. ಖೇಡಾ ಅಮುಲ್‌ನ ತವರು. ಹಾಗಾಗಿ ಎಷ್ಟೋ ಊರುಗಳಲ್ಲಿ ಸೆಟ್ ಕೂತದ್ದು ಹಾಲಿನ ಸೊಸೈಟಿಯಲ್ಲಿ. ಸಂಜೆ ಹಾಲು ಹಾಕಲು ಹೇಗೂ ಊರು ಅಲ್ಲಿಗೆ ಬರುತ್ತದೆ. ಹಾಲು ಅಳೆಸಿ, ಜಿಡ್ಡಿನ ಲೆಕ್ಕ ನೋಡಿ, ಖಾಲಿ ಕ್ಯಾನು ಪಕ್ಕಕ್ಕಿಟ್ಟು ನೆಲದ ಮೇಲೆ ಕೂತರೆ ಅದೇ ಟಿವಿ ನೋಡುವ ಜಾಗ. ಜನರನ್ನು ಟಿವಿಯ ಬಳಿಗೆ ಕರೆಯುವ ಬದಲು, ಅವರು ದಿನಾ ಸೇರುವಲ್ಲಿಗೇ ಟಿವಿಯನ್ನು ತಂದ ಈ ಆಯ್ಕೆ ಬಹಳ ವಿವೇಕದ್ದು.

ಕಾರ್ಯಕ್ರಮ ಮಾಡುವ ರೀತಿಯಲ್ಲಿ ಆ ವಿವೇಕ ಇನ್ನೂ ಚೆನ್ನಾಗಿ ಕಾಣುತ್ತದೆ. ಸೈಟ್‌ನಲ್ಲಿ ಉಪಗ್ರಹ ಒಂದು ಚಿತ್ರದ ಜೊತೆ ಎರಡು ಧ್ವನಿಗಳನ್ನು ಹೊತ್ತು ತರುತ್ತಿತ್ತು. ಕನ್ನಡದವರೂ ತೆಲುಗಿನವರೂ ಒಂದೇ ದೃಶ್ಯ ನೋಡಿ ತಂತಮ್ಮ ಭಾಷೆಯ ಮಾತು ಕೇಳಬೇಕಾಗಿತ್ತು. ಅಷ್ಟು ಅಗಲಕ್ಕೆ ಹರಡಿದ ಪ್ರಯೋಗಕ್ಕೆ ಅದು ಅನಿವಾರ್ಯ. ಪಿಜ್‌ಗೆ ಆ ಕಟ್ಟು ಇರಲಿಲ್ಲ. ಒಂದೇ ಜಿಲ್ಲೆ, ಒಂದೇ ಆಡುಮಾತು. ಹೊತ್ತೊಯ್ಯಬಲ್ಲ ವಿಡಿಯೊ ಕ್ಯಾಮೆರಾ ಹಿಡಿದು ತಂಡ ಹೊಲಕ್ಕೆ, ಕೇರಿಗೆ ಹೋಯಿತು. ಕಾರ್ಯಕ್ರಮಕ್ಕೆ ಮೊದಲು ಜನರ ಸ್ಥಿತಿಗತಿ ತಿಳಿಯಲು, ಆಮೇಲೆ ಅದು ಅವರಿಗೆ ಏನು ಅನ್ನಿಸಿತೆಂದು ಕೇಳಲು ಸಮಾಜವಿಜ್ಞಾನಿಗಳಿದ್ದರು. ಹಳ್ಳಿಗರೇ ಪಾತ್ರಧಾರಿಗಳಾದರು. ಕೂಲಿಕಾರರ ಕನಿಷ್ಠ ವೇತನ, ಅಸ್ಪೃಶ್ಯತೆ, ಹೆಣ್ಣಿನ ಪಾಡು ಕಥೆಗೆ ವಸ್ತುವಾದವು. ‘ಚತುರ್ ಮೋಟಾ’ ಧಾರಾವಾಹಿ ವರದಕ್ಷಿಣೆ, ವಿಧವಾ ವಿವಾಹಗಳನ್ನು ಮನೆಮಾತಿನಲ್ಲಿ ಎತ್ತಿಕೊಂಡಿತು.

ನನ್ನ ದೃಷ್ಟಿಯಲ್ಲಿ ಪಿಜ್‌ನ ಅತ್ಯುತ್ತಮ ಕೃತಿ ‘ದಾದ್ ಫರಿಯಾದ್’. ದಾದು, ಫಿರ್ಯಾದು ನಮಗೂ ಹೊಸ ಪದಗಳಲ್ಲ. ಫಿರ್ಯಾದು ಎಂದರೆ ದೂರು, ದಾದು ಎಂದರೆ ಆ ದೂರಿಗೆ ಸಿಗುವ ನ್ಯಾಯ. ಹಳ್ಳಿಯವರ ದೂರನ್ನು ಕ್ಯಾಮೆರಾದಲ್ಲಿ ಹಿಡಿದು ಸಂಬಂಧಪಟ್ಟ ಅಧಿಕಾರಿಯ ಮುಂದಿಟ್ಟು, ಅವರ ಉತ್ತರವನ್ನೂ ತೋರಿಸುವುದು ಕಾರ್ಯಕ್ರಮದ ಕ್ರಮ. ಕಚೇರಿ ಬಾಗಿಲಲ್ಲಿ ‘ನಾಳೆ ಬಾ’ ಎಂದು ಒಬ್ಬನಿಗೆ ಹೇಳುವುದು ಸುಲಭ. ಇಡೀ ಜಿಲ್ಲೆ ನೋಡುತ್ತಿರುವಾಗ ಹಾಗೆ ಹೇಳುವುದು ಕಷ್ಟ. ಅದೂ ಸರ್ಕಾರದ್ದೇ ಟಿವಿಯಲ್ಲಿ, 70ರ ದಶಕದಲ್ಲಿ! ಅಭಿವೃದ್ಧಿ ಎಂದರೆ ಮೇಲಿನವರು ಕೆಳಗಿನವರಿಗೆ ಬುದ್ಧಿ ಹೇಳುವುದು ಎಂಬ ನಂಬಿಕೆ ಗಟ್ಟಿಯಾಗಿದ್ದ ಕಾಲದಲ್ಲಿ ಪಿಜ್ ಉತ್ತರ ಹೇಳುವ ಹೊಣೆಯನ್ನು ಮೇಲಿನವರ ಹೆಗಲಿಗೆ ಹಾಕಿತು. 1984ರಲ್ಲಿ ಗ್ರಾಮೀಣ ಸಂವಹನಕ್ಕಾಗಿ ಯುನೆಸ್ಕೊ ಪ್ರಶಸ್ತಿ ಬಂದದ್ದು ಅದಕ್ಕೆ ತಕ್ಕ ಗೌರವ.

ಕೊರತೆಗಳನ್ನೂ ಹೇಳಬೇಕು. ಹಾಲಿನ ಸೊಸೈಟಿ ಹಾಲು ಹಾಕುವವರ ಜಾಗ. ಎಮ್ಮೆ ಇಲ್ಲದ ಕೂಲಿಯವನಿಗೆ, ಊರ ಹೊರಗಿನ ಕೇರಿಯವನಿಗೆ, ಮನೆಗೆಲಸದ ಹೊತ್ತಿನ ಹೆಂಗಸಿಗೆ ಅದು ಅಷ್ಟೇ ಸಲೀಸಾದ ಜಾಗವಲ್ಲ. ಪರದೆಯ ಮೇಲೆ ಕೂಲಿಕಾರನ ಕಥೆ ನಡೆಯುತ್ತಿದ್ದರೂ ಪರದೆಯ ಮುಂದೆ ಅವನಿಗೆ ಎಲ್ಲಿ ಜಾಗ ಎಂಬುದನ್ನು ಊರಿನ ಹಳೆಯ ಲೆಕ್ಕವೇ ತೀರ್ಮಾನಿಸಬಲ್ಲದು. ಇನ್ನೊಂದು ಕೊರತೆ ಇದಕ್ಕಿಂತ ಆಳದ್ದು. ಕ್ಯಾಮೆರಾ, ಸ್ಟುಡಿಯೊ, ಟ್ರಾನ್ಸ್‌ಮಿಟರ್ ಯಾವುದೂ ಹಳ್ಳಿಯವರದಾಗಲಿಲ್ಲ. ಅವರ ಮಾತು ಕೇಳಲು ಒಳ್ಳೆಯವರು ಬಂದಿದ್ದರು. ಕೇಳಲೇಬೇಕೆಂಬ ಕಟ್ಟಳೆ ಮಾತ್ರ ಎಲ್ಲೂ ಇರಲಿಲ್ಲ.

ಅದರ ಬೆಲೆ 1985ರಲ್ಲಿ ತೆರಬೇಕಾಯಿತು. 1982ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾಗಿತ್ತು. ಊರೂರಿಗೆ ಕಡಿಮೆ ಶಕ್ತಿಯ ಟ್ರಾನ್ಸ್‌ಮಿಟರ್‌ಗಳು ಬರುತ್ತಿದ್ದವು. ನಮ್ಮ ಪಟ್ಟಣಗಳ ಅಂಚಿನಲ್ಲೂ ಅಂಥ ಟವರ್‌ಗಳು ಎದ್ದವು. ಅವುಗಳ ಕೆಲಸ ದೆಹಲಿಯದನ್ನು ಹಿಡಿದು ದಾಟಿಸುವುದಷ್ಟೇ. ಶಕ್ತಿಯಲ್ಲಿ ಅವೂ ಚಿಕ್ಕವೇ, ಆದರೆ ಪಕ್ಕದ ಹಳ್ಳಿಯಲ್ಲಿ ಬಾವಿ ಬತ್ತಿದರೆ ಅವುಗಳಿಗೆ ತಿಳಿಯುತ್ತಿರಲಿಲ್ಲ. ದೇಶ ಟಿವಿಯನ್ನು ಹಬ್ಬಿಸುತ್ತಿದ್ದ ಅದೇ ಹೊತ್ತಿನಲ್ಲಿ ಪಿಜ್‌ನ ಟ್ರಾನ್ಸ್‌ಮಿಟರನ್ನು ಮದ್ರಾಸಿನ ಎರಡನೇ ಚಾನೆಲ್ಲಿಗಾಗಿ ಸಾಗಿಸಲು ಸರ್ಕಾರ ತೀರ್ಮಾನಿಸಿತು. ಒಂದು ಮಹಾನಗರಕ್ಕೆ ಎರಡನೆಯದು ಬೇಕೆಂದು 400 ಹಳ್ಳಿಗಳ ಒಂದೇ ಒಂದನ್ನು ಕಿತ್ತುಕೊಂಡದ್ದು ಅನ್ಯಾಯ. ಇದನ್ನು ತಾಂತ್ರಿಕ ಹೊಂದಾಣಿಕೆ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಸಮುದಾಯ ರೇಡಿಯೊ ನಡೆಸಲು 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಅವಕಾಶ ಸಿಕ್ಕಿತು. ಟಿವಿಯಲ್ಲಿ ಅಂಥ ಬಾಗಿಲು ತೆರೆಯಲಿಲ್ಲ. ಇಂದು ಹಳ್ಳಿಯ ಪ್ರತಿ ಕೈಯಲ್ಲೂ ಕ್ಯಾಮೆರಾ ಇದೆ. ದೂರು ಚಿತ್ರೀಕರಿಸುವುದು ಕ್ಷಣದ ಕೆಲಸ. ಅಧಿಕಾರಿಯನ್ನು ಅದರ ಮುಂದೆ ಕೂರಿಸಿ, ಉತ್ತರ ಪಡೆದು, ಅದೇ ಊರಿಗೆ ಮರಳಿ ತೋರಿಸುವ ಎರಡನೇ ಅರ್ಧ ಮಾತ್ರ ಕಾಣೆಯಾಗಿದೆ. ಪಿಜ್‌ನಿಂದ ಕಲಿಯಬೇಕಾದದ್ದು ಆ ಅರ್ಧವನ್ನು. ತಮ್ಮ ಕೇಂದ್ರವನ್ನು ಉಳಿಸಿಕೊಡಿ ಎಂದು ಖೇಡಾದ ಜನ ಪ್ರತಿಭಟಿಸಿದ್ದರು. ಹತ್ತು ವರ್ಷ ಎಲ್ಲರ ಫಿರ್ಯಾದು ಹೊತ್ತ ಆ ಕೇಂದ್ರದ ಪರವಾಗಿ ಅವರಿತ್ತ ಫಿರ್ಯಾದಿಗೆ ದಾದು ಸಿಗಲಿಲ್ಲ.