ರದ್ದು ಮಾಡಿದ ಕೈ
ಚುನಾವಣೆಯ ಸುದ್ದಿ ಓದುವಾಗ ಸಿಕ್ಕ ‘ಕೌಂಟರ್‌ಮಾಂಡ್’ ಪದದ ಬೇರನ್ನು ಹುಡುಕಿದೆ. ಲ್ಯಾಟಿನ್ನಿನಲ್ಲಿ ‘ಮಾನುಸ್’ ಎಂದರೆ ಕೈ, ‘ದಾರೆ’ ಎಂದರೆ ಕೊಡುವುದು. ಕೂಡಿ ‘ಮಾಂದಾರೆ’, ಅಂದರೆ ಕೈಗೊಪ್ಪಿಸುವುದು, ಅಪ್ಪಣೆ ಮಾಡುವುದು. ‘ಕಾಂಟ್ರಾ’ ಎಂದರೆ ವಿರುದ್ಧ. ಫ್ರೆಂಚಿನ ಹಾದಿಯಾಗಿ ಇಂಗ್ಲಿಷಿಗೆ ಬಂದ ಇದರ ಅರ್ಥ, ಕೊಟ್ಟ ಅಪ್ಪಣೆಯನ್ನು ಎದುರಪ್ಪಣೆಯಿಂದ ತಡೆಯುವುದು. ಮತಗಟ್ಟೆ ವಶಪಡಿಸಿಕೊಂಡಲ್ಲಿ ಚುನಾವಣೆಯನ್ನೇ ಹೀಗೆ ರದ್ದುಪಡಿಸುವ ಅಧಿಕಾರವನ್ನು 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 58ಎ ಕಲಮು ಚುನಾವಣಾ ಆಯೋಗಕ್ಕೆ ಕೊಡುತ್ತದೆ.

ನಾವು ಕನ್ನಡದಲ್ಲಿ ‘ರದ್ದಾಯಿತು’ ಎಂದು ಮುಗಿಸಿಬಿಡುತ್ತೇವೆ. ನನ್ನ ತಕರಾರು ಇಲ್ಲೇ. ಮಳೆ ಬಂದಂತೆ ತಾನಾಗಿ ಆದದ್ದೇ ಅದು? ಮನೆಯಲ್ಲೂ ಅಷ್ಟೆ: ‘ಪ್ರಯಾಣ ರದ್ದಾಯಿತು’ ಎನ್ನುತ್ತಾರೆ. ಬೆಳಗಿನ ಜಾವ ಎದ್ದು ಬುತ್ತಿ ಕಟ್ಟಿದವಳು ಯಾರನ್ನು ಕೇಳಬೇಕು? ‘ರದ್ದು ಮಾಡಿದೆ’ ಎನ್ನಲಿ. ಆಗ ಮಾಡಿದ ಕೈ ಕಾಣುತ್ತದೆ.