ಗಾಮನ ಹಡಗಿನಲ್ಲೊಬ್ಬ ದಿನಚರಿಕಾರ

ವಾಸ್ಕೊ ಡ ಗಾಮನ ಮೊದಲ ಯಾನವನ್ನು ಕಣ್ಣಾರೆ ಕಂಡವನೊಬ್ಬ ವಿವರವಾಗಿ ಬರೆದಿಟ್ಟದ್ದರಲ್ಲಿ ಉಳಿದಿರುವುದು ಒಂದೇ ಬರಹ. ‘ರೊತೇರೊ’ ಎಂದು ಹೆಸರಾದ ಈ ದಿನಚರಿ 1497ರ ಜುಲೈ 8ರಂದು, ನಾಲ್ಕು ಹಡಗುಗಳು ಲಿಸ್ಬನ್ ಬಿಟ್ಟಲ್ಲಿಂದ ಶುರುವಾಗುತ್ತದೆ. ಬರೆದವನ ಹೆಸರು ಅದರಲ್ಲಿಲ್ಲ. ಆಲ್ವಾರೊ ವೆಲ್ಯು ಎಂಬವನಿರಬೇಕೆಂಬುದು ಹಲವು ವಿದ್ವಾಂಸರ ಊಹೆ. ಈಗಿರುವ ಪ್ರತಿಯೂ 16ನೇ ಶತಮಾನದ ನಕಲು. ಕೊಯಿಂಬ್ರಾದ ಮಠದಿಂದ ಪೋರ್ಟೊ ನಗರದ ಗ್ರಂಥಾಲಯ ಸೇರಿದ ಅದು ಅಚ್ಚಾದದ್ದು 1838ರಲ್ಲಿ. ಅಲ್ಲಿಯವರೆಗೆ ಓದುಗರು ಬಲ್ಲ ಗಾಮ, ಆಸ್ಥಾನದ ಇತಿಹಾಸಕಾರರು ಮತ್ತು 1572ರ ಕಮೋಯೆಂಶನ ಮಹಾಕಾವ್ಯ ಕಟ್ಟಿಕೊಟ್ಟ ವೀರ. ದಿನಚರಿಯ ಗಾಮ ಬೇರೆಯೇ ಮನುಷ್ಯ: ಎಲ್ಲರನ್ನೂ ಶಂಕಿಸುವ, ಬೇಗ ಸಿಡುಕುವ ಕಪ್ತಾನ.

ಬರಹದ ದೊಡ್ಡ ಗುಣ ಅದರ ಒಣತನ. ಆಫ್ರಿಕಾದ ತೆಂಕಣ ತುದಿ ದಾಟಿದ ಮೇಲೆ, ಇಂದಿನ ಮೊಸೆಲ್ ಕೊಲ್ಲಿಯಲ್ಲಿ ಮೂರು ಬಳೆ ಕೊಟ್ಟು ಒಂದು ಕಪ್ಪು ಎತ್ತನ್ನು ಕೊಂಡದ್ದು, ಅದರ ಮಾಂಸ ರುಚಿಯಾಗಿದ್ದದ್ದು ಅಲ್ಲಿ ದಾಖಲಾಗಿದೆ. ಸ್ಥಳೀಯರು ನಾಲ್ಕೈದು ಕೊಳಲುಗಳನ್ನು, ಕೆಲವನ್ನು ತಾರದಲ್ಲೂ ಕೆಲವನ್ನು ಮಂದ್ರದಲ್ಲೂ, ಒಟ್ಟಿಗೆ ನುಡಿಸಿ ಕುಣಿದರು. ಕಪ್ತಾನನೂ ಕಹಳೆ ಊದಿಸಿ ಕುಣಿದ. ಕೆಲವು ದಿನಗಳಲ್ಲೇ ಪೋರ್ಚುಗೀಸರು ನಿಲ್ಲಿಸಿದ ಶಿಲುಬೆಯನ್ನೂ ಕಂಬವನ್ನೂ ಅದೇ ಜನ ಕೆಡವಿದರು. ಲೇಖಕ ಎರಡನ್ನೂ ಒಂದೇ ಧ್ವನಿಯಲ್ಲಿ ಹೇಳುತ್ತಾನೆ. ಮೊಂಬಾಸಾದಲ್ಲಿ ಇಬ್ಬರು ಸೆರೆಯಾಳುಗಳ ಮೈಮೇಲೆ ಕುದಿಯುವ ಎಣ್ಣೆ ತೊಟ್ಟಿಕ್ಕಿಸಿ ಬಾಯಿ ಬಿಡಿಸಿದ್ದನ್ನು ಹೇಳುವಾಗಲೂ ಆ ಧ್ವನಿ ಬದಲಾಗುವುದಿಲ್ಲ. ಈ ನಿರ್ಲಿಪ್ತತೆ ಓದುಗನನ್ನು ಕಲಕುತ್ತದೆ, ಆದರೆ ಗಾಮನ ಮೇಲಿನ ಅತಿ ಗಟ್ಟಿಯಾದ ಸಾಕ್ಷ್ಯವೂ ಅದೇ. ಕ್ರೌರ್ಯವನ್ನು ಮುಚ್ಚಿಡಬೇಕೆಂದು ಬರೆದವನಿಗೆ ಅನ್ನಿಸಿಯೇ ಇರಲಿಲ್ಲ.

ಪೂರ್ವ ಆಫ್ರಿಕಾದ ಮಾಲಿಂದಿಯಿಂದ 23 ದಿನಗಳಲ್ಲಿ ಕಡಲು ದಾಟಿಸಿದ ಮಾರ್ಗದರ್ಶಿಯನ್ನು ಲೇಖಕ ಕ್ರೈಸ್ತನೆನ್ನುತ್ತಾನೆ. ಆತ ಅರಬ್ ನಾವಿಕ ಇಬ್ನ್ ಮಾಜಿದ್ ಎಂಬ ಪ್ರಸಿದ್ಧ ಕಥೆಗೆ ಇಲ್ಲಿ ಆಧಾರವಿಲ್ಲ.

1498ರ ಮೇ ತಿಂಗಳಲ್ಲಿ ಕಲ್ಲಿಕೋಟೆಯ ಅರಸ ಸಾಮೂದಿರಿಯನ್ನು ಕಾಣಲು ಗಾಮನೊಡನೆ ಹೋದ 13 ಮಂದಿಯಲ್ಲಿ ಲೇಖಕನೂ ಒಬ್ಬ. ದಾರಿಯಲ್ಲಿ ಕಂಡ ದೇವಸ್ಥಾನವನ್ನು ಅವನು ಇಗರ್ಜಿಯೆಂದೇ ನಂಬಿದ. ಆದರೂ ಬಾಗಿಲ ಮೇಲಿನ ಗಂಟೆಗಳು, ಹಡಗಿನ ಪಟಸ್ತಂಭದಷ್ಟು ಎತ್ತರದ ಕಂಚಿನ ಕಂಬ, ಅದರ ತುದಿಯ ಹಕ್ಕಿ, ಅರ್ಚಕರ ಮೈಮೇಲಿನ ಜನಿವಾರ, ಅವರು ಚಿಮುಕಿಸಿದ ನೀರು, ಕೊಟ್ಟ ಬಿಳಿ ಮಣ್ಣು, ಕೋರೆಹಲ್ಲಿನ, ನಾಲ್ಕೈದು ಕೈಗಳ ‘ಸಂತರು’ ಎಲ್ಲವೂ ತಪ್ಪದೆ ಬಂದಿವೆ. ನಂಬಿಕೆಗೆ ಹೊಂದಲಿ ಎಂದು ಅವನು ಒಂದು ಕೈಯನ್ನೂ ಕಡಿಮೆ ಮಾಡಲಿಲ್ಲ. ಅವನ ತೀರ್ಮಾನ ತಪ್ಪೆಂದು ಸಾಬೀತುಮಾಡಲು ಅವನ ವರ್ಣನೆಯೇ ಸಾಕು. ಇಂಥ ಪ್ರಾಮಾಣಿಕತೆ ಆ ಕಾಲದ ಪ್ರವಾಸಕಥನಗಳಲ್ಲಿ ಸುಲಭವಾಗಿ ಸಿಗುವಂಥದ್ದಲ್ಲ.

ಕಾಣಿಕೆಯ ಪ್ರಸಂಗ ಇನ್ನೂ ಚೊಕ್ಕ. 12 ತುಂಡು ಪಟ್ಟೆಬಟ್ಟೆ, 4 ಕೆಂಪು ಕುಲಾವಿ, 6 ಟೋಪಿ, 4 ಸರ ಹವಳ, ಕೈತೊಳೆಯುವ 6 ಬಟ್ಟಲು, ಒಂದು ಪೆಟ್ಟಿಗೆ ಸಕ್ಕರೆ, ಎರಡೆರಡು ಪೀಪಾಯಿ ಎಣ್ಣೆ ಮತ್ತು ಜೇನು. ಅರಸನ ಅಧಿಕಾರಿಗಳು ನಕ್ಕೇಬಿಟ್ಟರು. ಮೆಕ್ಕಾದ ಬಡ ವ್ಯಾಪಾರಿಯೂ ಇದಕ್ಕಿಂತ ಹೆಚ್ಚು ಕೊಡುತ್ತಾನೆಂದರು. ತನ್ನ ಕಡೆಯವರ ಮಾನ ಹೋದ ಗಳಿಗೆಯನ್ನು ಲೇಖಕ ಪಟ್ಟಿ ಸಮೇತ ಬರೆದಿಟ್ಟಿದ್ದಾನೆ.

ಆಗಸ್ಟ್ ಕೊನೆಯಲ್ಲಿ ಕಲ್ಲಿಕೋಟೆ ಬಿಟ್ಟ ಹಡಗುಗಳು ಬಡಗಣಕ್ಕೆ ಸಾಗಿ, ಸೆಪ್ಟೆಂಬರಿನಲ್ಲಿ ಚಿಕ್ಕ ದ್ವೀಪವೊಂದರಲ್ಲಿ ಸಾಂತಾ ಮರಿಯಾ ಹೆಸರಿನ ಕಂಬ ನೆಟ್ಟವು. ಇದನ್ನು ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪವೆಂದು ಗುರುತಿಸುವುದು ರೂಢಿ. ಗಾಮ ಕಲ್ಲಿಕೋಟೆಗೆ ಹೋಗುವಾಗ ಮೊದಲು ಇಲ್ಲಿಗೆ ಬಂದನೆಂದು ಪ್ರವಾಸಿಗರಿಗೆ ಹೇಳುವ ಕಥೆ ದಿನಚರಿಗೆ ಹೊಂದುವುದಿಲ್ಲ. ಕಾರವಾರದ ಬಳಿಯ ಅಂಜುದೀವಿಯಲ್ಲಿ ಹಡಗುಗಳ ತಳ ಕೆರೆದು ದುರಸ್ತಿ ಮಾಡಿದರು. ಅಲ್ಲಿನ ಕಟ್ಟುಗಲ್ಲಿನ ಕೆರೆ, ಪಾಳುಬಿದ್ದ ಗುಡಿ, ಅದರೊಳಗೆ ಜನ ಪೂಜಿಸುತ್ತಿದ್ದ ಮೂರು ಕಪ್ಪು ಕಲ್ಲುಗಳ ಬಗ್ಗೆ ಕೆಲವೇ ಸಾಲುಗಳಿದ್ದರೂ ಕರಾವಳಿಯ ಇತಿಹಾಸಕ್ಕೆ ಅವು ಬೆಲೆಯುಳ್ಳವು.

ಮರುಪಯಣ ಅಕ್ಟೋಬರ್ 5ರಂದು, ಗಾಳಿ ಇನ್ನೂ ಅನುಕೂಲವಾಗುವ ಮೊದಲೇ ಶುರುವಾಯಿತು. ಹೋಗುವಾಗ 23 ದಿನ ಹಿಡಿದ ಕಡಲಿಗೆ ಈಗ ಮೂರು ತಿಂಗಳಿಗೆ ಮೂರೇ ದಿನ ಕಡಿಮೆ. ಒಸಡು ಹಲ್ಲುಗಳ ಮೇಲೆ ಬೆಳೆದು ತಿನ್ನಲಾಗದೆ, ಕೈಕಾಲು ಬಾತು 30 ಮಂದಿ ಸತ್ತರು. ಒಂದೊಂದು ಹಡಗಿಗೆ ಕೆಲಸ ಮಾಡಬಲ್ಲವರು ಏಳೆಂಟು ಮಂದಿಯಷ್ಟೇ ಉಳಿದರು. ಆಳಿಲ್ಲದೆ ‘ಸಾವ್ ರಫಾಯೆಲ್’ ಹಡಗನ್ನು ಸುಟ್ಟುಹಾಕಬೇಕಾಯಿತು.

1499ರ ಏಪ್ರಿಲ್ 25ಕ್ಕೆ, ಪಶ್ಚಿಮ ಆಫ್ರಿಕಾದ ತೀರದಲ್ಲಿ, ದಿನಚರಿ ತಟ್ಟನೆ ನಿಲ್ಲುತ್ತದೆ. ಕೊನೆಯಲ್ಲಿ ಸೇರಿಸಿರುವ ಪೂರ್ವದ ರಾಜ್ಯಗಳ ಪಟ್ಟಿ ಬರಿಯ ಕೇಳಿಕೆಯ ಮಾತು: ಅವನು ಕಾಣದ ಅರಸರಲ್ಲಿ ಹಲವರು ಕ್ರೈಸ್ತರು, ಸೈನ್ಯಗಳೆಲ್ಲ ದೊಡ್ಡವು. ಮಲಯಾಳ ಪದಗಳ ಪಟ್ಟಿಯಲ್ಲೂ ಕಿವಿಯ ತಪ್ಪುಗಳಿವೆ. ಅಲೆಕ್ಸಾಂಡ್ರಿಯಾದ ಸಾಂಬಾರ ಪದಾರ್ಥಗಳ ದರಪಟ್ಟಿ ಮಾತ್ರ ಕೆಲಸಕ್ಕೆ ಬರುವಂಥದ್ದು. ಈ ಹಡಗುಗಳನ್ನು ಕಳುಹಿಸಿದವರ ಲೆಕ್ಕಾಚಾರ ಅದರಲ್ಲಿದೆ.